ಕಪ್ಪು ಎಂಜಿನ್ ಮೇಲೆ ಬಿಳಿ ಮಂಜು

ನಮಸ್ಕಾರ, ಬನ್ನಿ. ಮೇಜಿನ ಮೇಲೆ ಕೂತಿರುವುದು ಎಚ್‌ಒ ಅಳತೆಯ ಮಾದರಿ ಉಗಿ ಎಂಜಿನ್. ನಿಜವಾದ ಎಂಜಿನ್‌ನ 87 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಡಬ್ಬಿಯಿಂದ ತೆಗೆದಾಗ ಪಳಪಳ ಹೊಳೆಯುತ್ತಿತ್ತು. ನನಗೆ ಆ ಹೊಳಪೇ ಬೇಡ. ದಿನಾ ಕಲ್ಲಿದ್ದಲು ಸುಟ್ಟು ಗೂಡ್ಸ್ ಎಳೆಯುವ ಎಂಜಿನ್ ಹೀಗಿರುತ್ತಾ?

ಬಿಚ್ಚಿದ್ದು, ತೊಳೆದಿದ್ದು, ಪ್ರೈಮರ್ ಹೊಡೆದಿದ್ದು ಎಲ್ಲ ವಿಡಿಯೊದಲ್ಲಿ ನೀವೇ ನೋಡ್ತಾ ಇದ್ದೀರಿ. ಬಣ್ಣದ ಬಗ್ಗೆ ಮಾತ್ರ ಒಂದು ಮಾತು. ಅಚ್ಚ ಕಪ್ಪು ಬಳಿಯಬೇಡಿ. ಇಷ್ಟು ಚಿಕ್ಕ ಮಾದರಿಯಲ್ಲಿ ರಿವೆಟ್ಟು, ಪೈಪು ಎಲ್ಲ ಆ ಕಪ್ಪಿನಲ್ಲೇ ಮುಳುಗಿಹೋಗುತ್ತವೆ. ನಾನು ಸ್ವಲ್ಪ ಬೂದು, ಒಂದು ಹನಿ ಕಂದು ಬೆರೆಸಿದ್ದೇನೆ. ನಂಬರಿನ ಡೀಕಲ್, ಅಂದರೆ ತೆಳು ಅಂಟುಚಿತ್ರ, ಅಂಟಿಸುವ ಮೊದಲು ಅಲ್ಲಿಗೆ ಗ್ಲಾಸ್, ಅಂದರೆ ಹೊಳಪಿನ ವಾರ್ನಿಷ್ ಬೇಕೇ ಬೇಕು. ಒರಟು ಮೈ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಸುತ್ತ ಬೆಳ್ಳಿ ಥರ ಮಿನುಗುತ್ತದೆ.

ಈಗ ಈ ಶಾಟ್. ಇದನ್ನು ಕತ್ತರಿಸಿಬಿಡೋಣ ಅಂದುಕೊಂಡಿದ್ದೆ, ಆಮೇಲೆ ಬೇಡ ಅನ್ನಿಸಿತು. ಡೀಕಲ್ ಒಣಗಿತ್ತು, ಮೇಲೊಂದು ಮ್ಯಾಟ್, ಅಂದರೆ ಹೊಳಪಿಲ್ಲದ ವಾರ್ನಿಷ್ ಹೊಡೆದರೆ ಆಯಿತು. ಹೊರಗೆ ಮಳೆ. ಕಾಯಬೇಕಿತ್ತು, ಕಾಯಲಿಲ್ಲ. ಸ್ಪ್ರೇ ಮಾಡುವಾಗ ಚೆನ್ನಾಗೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ಬಾಯ್ಲರ್ ಪೂರ್ತಿ ಬೆಳ್ಳಗೆ. ಕಪ್ಪು ದ್ರಾಕ್ಷಿ ಮೇಲೆ ಬಿಳಿ ಪುಡಿ ಕೂತಿರುತ್ತಲ್ಲ, ಥೇಟ್ ಹಾಗೆ. ಎರಡು ವಾರದ ಕೆಲಸ! ಹೊಟ್ಟೆಗೆ ಕಲ್ಲು ಬಿದ್ದ ಹಾಗಾಯಿತು.

ಕಾರಣ ಇಷ್ಟೇ. ಸ್ಪ್ರೇಯಲ್ಲಿರುವ ದ್ರಾವಕ ಬೇಗ ಆರುತ್ತದೆ. ಆರುವಾಗ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಅಲ್ಲೇ ಹನಿಗಟ್ಟಿ ವಾರ್ನಿಷ್ ಒಳಗೆ ಸಿಕ್ಕಿಬೀಳುತ್ತದೆ. ಒರೆಸಿದರೆ ಹೋಗುವಂಥದ್ದಲ್ಲ. ಆದರೂ ನಾನು ಗಾಬರಿಯಲ್ಲಿ ಬಟ್ಟೆ ತಗೊಂಡು ಉಜ್ಜಿದೆ. ಹತ್ತಿರದಿಂದ ತೋರಿಸ್ತೀನಿ, ಇಲ್ಲಿ ನೋಡಿ, ಕೊನೆಯ ಅಂಕಿಯ ಬಾಲ ಕಿತ್ತುಬಂದಿದೆ. ಮಂಜು ಕೂತಾಗ ಕೈ ಕಟ್ಟಿ ಕೂತಿರಿ. ಅದೊಂದೇ ಆಗ ಮಾಡಬೇಕಾದ ಕೆಲಸ.

ಮೂರನೇ ದಿನ ಬಿಸಿಲು ಬಂತು. ಮೊದಲು ಟೆಂಡರಿನ, ಅಂದರೆ ಎಂಜಿನ್ ಹಿಂದಿನ ಕಲ್ಲಿದ್ದಲು ಗಾಡಿಯ, ಹಿಂಬದಿಯ ಒಂದು ಮೂಲೆಗೆ ತೆಳ್ಳಗೆ ಗ್ಲಾಸ್ ಹೊಡೆದು ನೋಡಿದೆ. ಬಿಳಿ ಕರಗಿ, ಕಣ್ಣೆದುರೇ ಕಪ್ಪು ವಾಪಸ್ ಬಂತು. ಆಗ ಪಟ್ಟ ಖುಷಿ ಹೇಳಲಾರೆ. ಆಮೇಲೆ ಎಲ್ಲ ಕಡೆ ಗ್ಲಾಸ್, ಅದು ಪೂರ್ತಿ ಒಣಗಿದ ಮೇಲೆ ಮ್ಯಾಟ್. ಆ ಅಂಕಿಯ ಬಾಲ ಸಣ್ಣ ಬ್ರಷ್‌ನಲ್ಲಿ ತಿದ್ದಿದೆ.

ಇನ್ನು ಕೊಳೆ. ಸುಮ್ನೆ ಮೈತುಂಬ ಕಂದು ಸವರುವುದು ನನಗೆ ಆಗಿಬರಲ್ಲ. ಪ್ರತಿ ಕಲೆಗೂ ಒಂದು ಮೂಲ ಇರಬೇಕು. ಚಕ್ರದ ಸುತ್ತ ಬ್ರೇಕ್ ಧೂಳು. ರಾಡುಗಳ ಮೇಲೆ ಎಣ್ಣೆಯ ಜಿಡ್ಡು, ಅಲ್ಲಿ ಮಾತ್ರ ಹೊಳಪು ಉಳಿಯಲಿ. ಸೇಫ್ಟಿ ವಾಲ್ವ್ ಕೆಳಗೆ ಗಡಸು ನೀರಿನ ಉಪ್ಪು ಒಣಗಿ ಇಳಿದ ಬಿಳಿ ಗೆರೆ. ಆ ಗೆರೆ ಎಳೆಯುವಾಗ ಉಸಿರು ಹಿಡಿದುಕೊಳ್ಳಿ. ಇಲ್ಲಿ 2 ಮಿಲಿಮೀಟರ್ ಅಗಲ ಎಳೆದರೆ ನಿಜವಾದ ಎಂಜಿನ್‌ನಲ್ಲಿ ಅದು 17 ಸೆಂಟಿಮೀಟರ್ ಪಟ್ಟೆ!

ಪಿಗ್ಮೆಂಟ್ ಪುಡಿ, ಅಂದರೆ ಒಣ ಬಣ್ಣದ ಪುಡಿ, ದಂಡ ಅಂತ ಹಿಂದೊಮ್ಮೆ ಹೇಳಿದ್ದೆ. ಆ ಮಾತು ವಾಪಸ್. ಚಿಮಣಿ ಬಾಯಿಯ ಮಸಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಮೇಲೆ ವಾರ್ನಿಷ್ ಹೊಡೆದರೆ ಅರ್ಧಕ್ಕರ್ಧ ಮಾಯ. ಅದಕ್ಕೇ ಕೊನೆಯಲ್ಲಿ ಹಚ್ಚಿ ಹಾಗೇ ಬಿಟ್ಟಿದ್ದೇನೆ. ಇನ್ನು ಬಾಯ್ಲರ್ ಹಿಡಿದು ಎತ್ತುವ ಹಾಗಿಲ್ಲ, ಕೆಳಗಿಂದಲೇ.

ಡ್ರೈವರ್ ನಿಲ್ಲುವ ಕ್ಯಾಬಿನ ಹಿಡಿಕೆ ನೋಡಿ, ಅಲ್ಲಿ ಕೊಳೆ ಹಾಕಿಲ್ಲ, ಸೀಸದ ಕಡ್ಡಿ ಉಜ್ಜಿದ್ದೇನೆ. ದಿನಾ ಕೈ ತಾಗಿ ತಾಗಿ ಮಿರುಗುವ ಜಾಗ ಅದು. ಉಗಿ ಕಾಲದ ಎಷ್ಟೋ ಡ್ರೈವರ್‌ಗಳು ಮೊದಲು ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದವರು. ಆಮೇಲೆ ಫೈರ್‌ಮನ್, ಆಮೇಲೆ ಡ್ರೈವರ್. ಈ ಹಿಡಿಕೆ ಉಜ್ಜುವಾಗ ಅವರ ಕೈಗಳೇ ನೆನಪಾಗುತ್ತವೆ... ಅಯ್ಯೋ, ಶಾಟ್ ಮುಗಿಯುತ್ತಾ ಬಂತು.

ಬೇಗ ಹೇಳ್ತೀನಿ. ಚಕ್ರ ಹಳಿಗೆ ತಾಗುವ ಅಂಚಿನಲ್ಲಿ ಬಣ್ಣ ಉಳಿಯಕೂಡದು. ಕರೆಂಟ್ ಅಲ್ಲಿಂದಲೇ ಬರಬೇಕಲ್ವಾ? ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಆ ಕಡ್ಡಿ ಮೈಗೆ ತಾಗಿಸಬೇಡಿ, ಬಣ್ಣ ಎದ್ದುಬರುತ್ತದೆ. ಸರಿ, ಹಳಿ ಮೇಲಿಟ್ಟೆ. ಹೊರಟಿತು, ನೋಡಿ. ಟೆಂಡರಿಗೆ ಕಲ್ಲಿದ್ದಲು ತುಂಬುವುದು ಬಾಕಿ ಇದೆ, ಅದು ನಾಳೆ.