ಮೊದ್ಲು ಮಾನಿಟರ್, ಆಮೇಲೆ ಮಿಕ್ಕಿದ್ದು

ಕೇಳುಗರಿಗೆಲ್ಲಾ ನಮಸ್ಕಾರ. ನಮ್ಮ ತುಮಕೂರು ಕಡೆ ಕಾಲೇಜ್ ಹುಡುಗ್ರು, ಹೊಸದಾಗಿ ಕೆಲಸಕ್ಕೆ ಸೇರಿರೋರು ಸಿಕ್ಕಾಗೆಲ್ಲಾ ಕೇಳ್ತಾರೆ, ಒಂದು 80,000 ರೂಪಾಯಿ ಕೂಡಿಟ್ಟಿದೀನಿ, ಅದ್ರಲ್ಲಿ ಒಳ್ಳೆ ಗೇಮಿಂಗ್ ಪಿಸಿ ಆಗುತ್ತಾ ಅಂತ. ಆಗುತ್ತೆ, ಚೆನ್ನಾಗೇ ಆಗುತ್ತೆ. ಆದ್ರೆ ಎಲ್ಲರೂ ಶುರು ಮಾಡೋದು ಪ್ರೊಸೆಸರ್‌ನಿಂದ, ಐ5 ತಗೊಳ್ಳೋದಾ ಐ7 ತಗೊಳ್ಳೋದಾ ಅಂತ. ನಾನು ಹೇಳೋದು, ಮಾನಿಟರ್‌ನಿಂದ ಶುರು ಮಾಡಿ.

ಯಾಕಂದ್ರೆ ಆ ಪರದೆ ಮೇಲಿನ ಒಂದೊಂದು ಚುಕ್ಕೀನೂ ಬಿಡಿಸ್ಬೇಕಾಗಿರೋದು ಗ್ರಾಫಿಕ್ಸ್ ಕಾರ್ಡು. 1080ಪಿ ಮಾನಿಟರ್ ಅಂದ್ರೆ ಸುಮಾರು 20.7 ಲಕ್ಷ ಚುಕ್ಕಿ, 1440ಪಿ ಅಂದ್ರೆ ಹತ್ರಹತ್ರ 37 ಲಕ್ಷ, 4ಕೆಗೆ ಹೋದ್ರೆ 83 ಲಕ್ಷ ಆಗೋಗುತ್ತೆ, ಅದನ್ನ ಸೆಕೆಂಡಿಗೆ 60 ಸಲಾನೋ 144 ಸಲಾನೋ ಹೊಸದಾಗಿ ಬಿಡಿಸ್ತಾನೇ ಇರ್ಬೇಕು. ನಮ್ಮ ಬಜೆಟ್ಟಿಗೆ 24 ಇಂಚಿನ 1080ಪಿ, 144 ಹರ್ಟ್ಸ್ (ಅಂದ್ರೆ ಸೆಕೆಂಡಿಗೆ 144 ಸಲ ಬಿಡಿಸೋ) ಮಾನಿಟರ್ ಸರಿಯಾದ ಜೋಡಿ. 4ಕೆ ಮಾನಿಟರ್ ತಂದು ಅದಕ್ಕೆ ತಕ್ಕ ಕಾರ್ಡ್ ಹಾಕೋಕೆ ದುಡ್ಡು ಸಾಲದೆ ಒದ್ದಾಡೋದು ಬೇಡ.

ಮಾನಿಟರ್ ಗೊತ್ತಾಯ್ತು ಅಂದ್ರೆ ಕಾರ್ಡು ತಾನಾಗೇ ಗೊತ್ತಾಗುತ್ತೆ. ಒಟ್ಟು ದುಡ್ಡಲ್ಲಿ ಮೂರನೇ ಒಂದು ಭಾಗ ಗ್ರಾಫಿಕ್ಸ್ ಕಾರ್ಡಿಗೇ ಎತ್ತಿಡಿ, ಆರ್‌ಎಕ್ಸ್ 7600, ಆರ್‌ಟಿಎಕ್ಸ್ 5060 ಈ ಸಾಲಿನವು. ಎರಡರಲ್ಲೂ 8 ಜಿಬಿ ಮೆಮೊರಿ ಇದೆ, 1080ಪಿಗೆ ಸದ್ಯಕ್ಕೆ ಸಾಕು, ಹೊಸ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್, ಅಂದ್ರೆ ಮೇಲ್ಮೈಗಳ ಚಿತ್ರದ ವಿವರ, ಸ್ವಲ್ಪ ಇಳಿಸ್ಬೇಕಾಗುತ್ತೆ ಅಷ್ಟೆ. ಇದರ ಜೊತೆಗೆ ಆರು ಕೋರಿನ ಪ್ರೊಸೆಸರ್ ಧಾರಾಳ. ಎಎಂಡಿ ಕಂಪನಿದ್ರಲ್ಲಿ ರೈಜನ್ 5 5600 ತಗೊಂಡ್ರೆ ಡಿಡಿಆರ್4 ಅನ್ನೋ ಹಿಂದಿನ ತಲೆಮಾರಿನ ರ‍್ಯಾಮ್ ಹಾಕ್ಬಹುದು, ಖರ್ಚು ಕಮ್ಮಿ, ಆದ್ರೆ ಅದರ ಎಎಂ4 ಸಾಕೆಟ್ಟು, ಅಂದ್ರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರೋ ಜಾಗ, ಹಳೇದು. ರೈಜನ್ 5 7600 ಆದ್ರೆ ಎಎಂ5 ಸಾಕೆಟ್ಟು, ಡಿಡಿಆರ್5 ರ‍್ಯಾಮೇ ಬೇಕು, ಖರ್ಚು ಜಾಸ್ತಿ, ಆದ್ರೆ ಈ ಸಾಕೆಟ್ಟನ್ನ 2027ರವರೆಗೂ ಮುಂದುವರಿಸ್ತೀವಿ ಅಂತ ಕಂಪನಿನೇ ಹೇಳಿದೆ, ಅಂದ್ರೆ ಮುಂದೆ ಬೋರ್ಡ್ ಬದಲಾಯಿಸದೇ ಪ್ರೊಸೆಸರ್ ಮಾತ್ರ ಬದಲಾಯಿಸ್ಬಹುದು. ಕೈಯಲ್ಲಿ ಸ್ವಲ್ಪ ಜಾಸ್ತಿ ದುಡ್ಡಿದ್ರೆ ಎಎಂ5ಗೇ ಹೋಗಿ ಅಂತೀನಿ. ರ‍್ಯಾಮು 16 ಜಿಬಿ, ಆದಷ್ಟೂ 8ರದ್ದು ಎರಡು ಕಡ್ಡಿ ಹಾಕಿ, ಒಂದೇ ಕಡ್ಡಿ ಹಾಕಿದ್ರೆ ವೇಗ ಕಮ್ಮಿ ಆಗುತ್ತೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಅದಕ್ಕೇ ಹೋದ ವರ್ಷದ ಕೊಟೇಶನ್ ಇಟ್ಕೊಂಡು ಲೆಕ್ಕ ಹಾಕ್ಬೇಡಿ.

ಈಗ ನಂಗೆ ತುಂಬಾ ಮುಖ್ಯ ಅನ್ಸೋ ವಿಷ್ಯಕ್ಕೆ ಬರ್ತೀನಿ, ಎಸ್‌ಎಂಪಿಎಸ್, ಅಂದ್ರೆ ಮನೆ ಕರೆಂಟನ್ನ ಪಿಸಿಗೆ ತಕ್ಕಂಗೆ ಬದಲಾಯಿಸಿ ಕೊಡೋ ಡಬ್ಬ. ದುಡ್ಡು ಸಾಲ್ದೇ ಇದ್ದಾಗ ಎಲ್ಲರೂ ಕತ್ತರಿ ಹಾಕೋದು ಇದಕ್ಕೇ, ಕ್ಯಾಬಿನೆಟ್ ಜೊತೆ ಫ್ರೀ ಕೊಡೋದನ್ನೇ ಹಾಕ್ಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ನಮ್ಮ ಕಡೆ, ಅದ್ರಲ್ಲೂ ಹಳ್ಳಿಗಳಲ್ಲಿ, ಪಂಪ್‌ಸೆಟ್ ಓಡೋ ಹೊತ್ತಲ್ಲಿ ವೋಲ್ಟೇಜ್ ಹೆಂಗೆ ಕುಣಿಯುತ್ತೆ ಅಂತ ನಿಮಗೇ ಗೊತ್ತು, ಆ ಏಟನ್ನೆಲ್ಲಾ ಮೊದ್ಲು ತಿನ್ನೋದು ಇದೇ ಡಬ್ಬ, ಇದು ಕೆಟ್ಟದಾಗಿ ಸುಟ್ಟುಹೋದ್ರೆ ಬೋರ್ಡು ಕಾರ್ಡು ಎಲ್ಲವನ್ನೂ ಜೊತೆಗೆ ಕರ್ಕೊಂಡು ಹೋಗ್ಬಹುದು. ಒಳ್ಳೆ ಕಂಪನಿಯ 550 ವ್ಯಾಟಿಂದು, 80 ಪ್ಲಸ್ ಬ್ರಾಂಜ್ ಅನ್ನೋ ದಕ್ಷತೆಯ ಗುರುತು ಇರೋದು ತಗೊಳ್ಳಿ. ಮನೇಲಿ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಮೊದಲೇ ನೋಡಿಸಿ. ಯುಪಿಎಸ್ ತಗೊಳ್ಳೋರು ಇನ್ನೊಂದು ಗಮನಿಸಿ, ಮಾಮೂಲಿ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್ ಆಸುಪಾಸು, ಆಟ ಆಡ್ತಿರೋವಾಗ ಮಾನಿಟರೂ ಸೇರಿ ಅದು ಅಂಚಿಗೆ ಬಂದುಬಿಡುತ್ತೆ, ಅದಕ್ಕೇ 1000 ವಿಎ ಮೇಲಿಂದೇ ನೋಡಿ. ಅದೂ ಕರೆಂಟ್ ಹೋದ್ಮೇಲೆ ಆಡ್ತಾ ಕೂರೋಕಲ್ಲ, ಸೇವ್ ಮಾಡಿ ಆಫ್ ಮಾಡೋಕೆ.

ಕ್ಯಾಬಿನೆಟ್ಟಿಗೆ ಮುಂದೆ ಗಾಜು ಬೇಡ, ಜಾಲರಿ ಇರ್ಲಿ. ಏಪ್ರಿಲ್ ಬಿಸಿಲಲ್ಲಿ ಗಾಳಿ ಆಡ್ಬೇಕಲ್ಲಾ.

ಎಲ್ಲಿ ತಗೊಳ್ಳೋದು? ಬೆಳಗ್ಗೆ ಟ್ರೈನ್ ಹತ್ತಿ ಕಂಪ್ಯೂಟರ್ ಅಂಗಡಿಗಳಿರೋ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬರೋರೇ ಜಾಸ್ತಿ. ಹೋಗಿ, ಆದ್ರೆ ಒಂದೊಂದು ಭಾಗಕ್ಕೂ ಸೀರಿಯಲ್ ನಂಬರ್ ಹಾಕಿದ ಜಿಎಸ್‌ಟಿ ಬಿಲ್ ಇಸ್ಕೊಳ್ಳಿ, ಇಲ್ಲಾಂದ್ರೆ ವಾರಂಟಿಗೆ ಅಲೆದಾಡ್ತೀರ. ತುಮಕೂರಲ್ಲೇ ಅಂಗಡಿಯವರು ಸ್ವಲ್ಪ ಹೆಚ್ಚು ಹೇಳಿದ್ರೂ, ಕೆಟ್ಟಾಗ ಹತ್ರದಲ್ಲೇ ಇರ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಿ. ಕಮ್ಮಿ ರೇಟಿಗೆ ಐ7 ಗೇಮಿಂಗ್ ಪಿಸಿ ಅಂತ ಮಾರೋರು ಸಿಗ್ತಾರೆ, ಅದು ಯಾವ ಜನರೇಶನ್ ಅಂತ ಕೇಳಿ. ಐ7 3770 ಬಂದಿದ್ದು 2012ರಲ್ಲಿ, ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹಾಕೋಕೇ ಆಗಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲೇ ಮುಗೀತು.

ಜೋಡಿಸಿದ್ಮೇಲೆ ಮಾನಿಟರ್ ಕೇಬಲ್ಲನ್ನ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ. ಪಿಸಿ ಆನ್ ಆಗ್ತಿದ್ದಂಗೆ ತೆರೆಯೋ ಬೋರ್ಡಿನ ಸೆಟ್ಟಿಂಗ್, ಅಂದ್ರೆ ಬಯೋಸ್‌ಗೆ ಹೋಗಿ ರ‍್ಯಾಮಿನ ಎಕ್ಸ್‌ಎಂಪಿನೋ ಎಕ್ಸ್‌ಪೋನೋ ಆನ್ ಮಾಡಿ, ಆಗ್ಲೇ ಅದು ತನ್ನ ಪೂರ್ತಿ ವೇಗದಲ್ಲಿ ಓಡೋದು, ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಲ್ಲಿ 60 ಅಂತ ಇದ್ರೆ 144ಕ್ಕೆ ಬದಲಾಯಿಸಿ, ಇಲ್ಲಾಂದ್ರೆ ದುಡ್ಡು ಕೊಟ್ಟು ತಂದ ಮಾನಿಟರ್ 60ರಲ್ಲೇ ಓಡ್ತಾ ಇರುತ್ತೆ. ನಮಸ್ಕಾರ.