ಚಾರ್ಟ್ ಓದಿದ ಮಾತ್ರಕ್ಕೆ ಎಲ್ಲ ಕಾಣುತ್ತದೆ ಅಂತಲ್ಲ

ಎಲ್ಲರಿಗೂ ನಮಸ್ಕಾರ.

ಹಿಂದಿನ ಸಾಲಿನಲ್ಲಿ ಕೂತವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗುರುತು ಹಿಡಿಯದೇ ಹೋದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬೆನ್ನ ಹಿಂದಿನ ಕಿಟಕಿಯಿಂದ ಬೆಳಕು ಬರುತ್ತಿದೆ, ಹಾಗಾಗಿ ನನಗೆ ನೀವೆಲ್ಲ ಬರೀ ನೆರಳಿನ ಹಾಗೆ ಕಾಣುತ್ತಿದ್ದೀರಿ. ಆದರೆ ಕಣ್ಣಿನ ಪರೀಕ್ಷೆ ಮಾಡಿಸಿದರೆ ನನ್ನ ರಿಪೋರ್ಟಿನಲ್ಲಿ 6/6, ಅಂದರೆ ದೃಷ್ಟಿ ಸರಿಯಾಗಿದೆ, ಅಂತಲೇ ಬರುತ್ತದೆ. ಇವತ್ತು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ.

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇದೆ. ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಿಗೆ ಪೆಟ್ಟು ಕೊಡುವ ಕಾಯಿಲೆ ಇದು. ಶುರುವಾಗಿದ್ದು ಬಲಗಣ್ಣಿನಿಂದ. ಕಣ್ಣು ಆಡಿಸಿದರೆ ನೋವು. ಎರಡು ದಿನ ಕಳೆಯುವಷ್ಟರಲ್ಲಿ ಎದುರಿಗಿದ್ದವರ ಮುಖದ ಮಧ್ಯೆ ಯಾರೋ ಒದ್ದೆ ಬೆರಳಿಂದ ಒರೆಸಿದ ಹಾಗೆ ಮಸುಕು. ಕೆಂಪು ಬಟ್ಟೆಯನ್ನು ಎಡಗಣ್ಣಲ್ಲಿ ನೋಡಿದರೆ ಕೆಂಪು, ಬಲಗಣ್ಣಲ್ಲಿ ನೋಡಿದರೆ ತೊಳೆದು ತೊಳೆದು ಬಣ್ಣ ಹೋದ ಹಾಗೆ. ಇದಕ್ಕೆ ಆಪ್ಟಿಕ್ ನ್ಯೂರೈಟಿಸ್, ಅಂದರೆ ಕಣ್ಣಿನ ನರದ ಉರಿಯೂತ ಅನ್ನುತ್ತಾರೆ. ಎಂಎಸ್ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದೇ ಹೀಗೆ, ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಯಾವತ್ತಾದರೂ ಒಮ್ಮೆ ಇದು ಬರುತ್ತದೆ.

ಕಣ್ಣಿನಿಂದ ಮಿದುಳಿಗೆ ಹೋಗುವ ನರದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಎಳೆಗಳಿವೆ. ಒಂದೊಂದು ಎಳೆಗೂ ಮಯಲಿನ್ ಅನ್ನೋ ಹೊದಿಕೆ ಇರುತ್ತದೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಆ ಹೊದಿಕೆಯನ್ನು ಹಾಳು ಮಾಡುತ್ತದೆ, ಆಗ ಸಂದೇಶ ನಿಧಾನವಾಗುತ್ತದೆ, ಕೆಲವು ಕಡೆ ನಿಂತೇ ಹೋಗುತ್ತದೆ. ಸ್ಟೀರಾಯ್ಡ್ ಕೊಟ್ಟರೆ ದೃಷ್ಟಿ ಬೇಗ ವಾಪಸ್ ಬರುತ್ತದೆ. ಆದರೆ ಆರು ತಿಂಗಳ ನಂತರ ನೋಡಿದರೆ ಸ್ಟೀರಾಯ್ಡ್ ತಗೊಂಡವರಿಗೂ ತಗೊಳ್ಳದವರಿಗೂ ದೃಷ್ಟಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. 1992ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ಗೊತ್ತಾದ ವಿಷಯ ಇದು. ಬಹಳಷ್ಟು ಜನ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನಾನೂ ಚೇತರಿಸಿಕೊಂಡೆ. ಚಾರ್ಟಿನ ಕೊನೆಯ ಸಾಲಿನವರೆಗೂ ಓದಿದೆ. "ಕಣ್ಣು ಸರಿಯಾಗಿದೆ, ಇನ್ನೇನು ಚಿಂತೆ?" ಅಂದರು. ಮನೆಗೆ ಬಂದು ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಕಾಣದೆ ಬಿದ್ದೆ.

ಯಾಕೆ ಹೀಗೆ? ಆ ಚಾರ್ಟನ್ನು ಸ್ನೆಲೆನ್ ಅನ್ನೋ ಡಚ್ ವೈದ್ಯರು ಮಾಡಿದ್ದು 1862ರಲ್ಲಿ. ಬಿಳಿ ಹಾಳೆ, ದಪ್ಪ ಕಪ್ಪು ಅಕ್ಷರ. ಬದುಕು ಹಾಗೆ ಕಪ್ಪು ಬಿಳುಪಾಗಿ ಇರಲ್ಲ ಅಲ್ವಾ? ಬೂದು ನೆಲದ ಮೇಲೆ ಬೂದು ಮೆಟ್ಟಿಲು, ಮುಸ್ಸಂಜೆಯಲ್ಲಿ ಕಪ್ಪು ಬಟ್ಟೆ ತೊಟ್ಟು ರಸ್ತೆ ದಾಟುವವರು, ಒಬ್ಬರ ಮುಖದಲ್ಲಿ ಸಣ್ಣಗೆ ಬದಲಾಗುವ ಭಾವ. ಇವನ್ನೆಲ್ಲ ಕಾಣಬೇಕಾದರೆ ಬಣ್ಣ ಮತ್ತು ಬೆಳಕಿನ ಸಣ್ಣ ವ್ಯತ್ಯಾಸ ಗೊತ್ತಾಗಬೇಕು. ಎಂಎಸ್‌ನಲ್ಲಿ ಹೆಚ್ಚಾಗಿ ಹಾಳಾಗುವುದು ಅದೇ. ಮಸುಕು ಬೂದು ಅಕ್ಷರದ ಚಾರ್ಟ್‌ಗಳೂ ಇವೆ, ಕೇಳಿದರೆ ಹಾಕುತ್ತಾರೆ, ದಯವಿಟ್ಟು ಕೇಳಿ. ಓಸಿಟಿ ಅನ್ನೋ ಸ್ಕ್ಯಾನ್ ಕೂಡ ಇದೆ. ಸೂಜಿ ಇಲ್ಲ, ನೋವಿಲ್ಲ, ಕೆಲವೇ ನಿಮಿಷದಲ್ಲಿ ರೆಟಿನಾದ, ಅಂದರೆ ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪರದೆಯ, ನರದ ಪದರ ಎಷ್ಟು ತೆಳ್ಳಗಾಗಿದೆ ಅಂತ ಅಳೆಯುತ್ತದೆ. ನನ್ನ ಸ್ಕ್ಯಾನ್ ನೋಡಿದ ದಿನ ನಾನು ಅತ್ತೆ. ದುಃಖಕ್ಕಲ್ಲ. ಇಷ್ಟು ದಿನ ಹೇಳುತ್ತಿದ್ದದ್ದು ಸುಮ್ನೆ ಹೇಳಿದ್ದಲ್ಲ ಅನ್ನುವುದಕ್ಕೆ ಕೊನೆಗೂ ಒಂದು ಸಾಕ್ಷಿ ಸಿಕ್ಕಿತಲ್ಲ, ಅದಕ್ಕೆ.

ಇನ್ನೊಂದು ವಿಷಯ, ಬಿಸಿ. ಜ್ವರ ಬಂದರೆ, ವ್ಯಾಯಾಮ ಮಾಡಿದರೆ, ಬಿಸಿನೀರು ಸ್ನಾನ ಮಾಡಿದರೆ ಕಣ್ಣು ಮಂಜಾಗುತ್ತದೆ. ಉಥಾಫ್ ಅನ್ನೋ ಜರ್ಮನ್ ಕಣ್ಣಿನ ವೈದ್ಯರು 1890ರಲ್ಲೇ ಇದನ್ನು ಬರೆದಿಟ್ಟರು. ಹೊದಿಕೆ ಕಳೆದುಕೊಂಡ ನರ, ಮೈ ಸ್ವಲ್ಪ ಕಾದರೂ ಸಂದೇಶ ದಾಟಿಸಲಾರದೆ ಸೋಲುತ್ತದೆ, ತಣ್ಣಗಾದರೆ ಮತ್ತೆ ಸರಿಯಾಗುತ್ತದೆ. ಇದು ಹೊಸ ಪೆಟ್ಟಲ್ಲ, ಹೆದರಬೇಡಿ. ಆದರೆ ಜ್ವರ ಏನೂ ಇಲ್ಲದೆ ಮಸುಕು ಒಂದು ದಿನ ದಾಟಿದರೆ ಕಾಯಬೇಡಿ, ವೈದ್ಯರಿಗೆ ಫೋನ್ ಮಾಡಿ.

ಕೆಲವರಿಗೆ ತೊಂದರೆ ಈ ನರದ್ದಲ್ಲ, ಕಣ್ಣು ಆಡಿಸುವ ಮಿದುಳಿನ ಭಾಗದ್ದು. ಎರಡು ಕಣ್ಣೂ ಜೊತೆಯಾಗಿ ತಿರುಗದೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಅಥವಾ ಕಣ್ಣು ತಾನಾಗಿ ಅದುರುತ್ತದೆ, ಪುಟದ ಮೇಲಿನ ಅಕ್ಷರ ನಿಂತಲ್ಲಿ ನಿಲ್ಲುವುದಿಲ್ಲ. ನನ್ನ ಗೆಳತಿಯೊಬ್ಬಳು ಓದುವುದನ್ನೇ ಬಿಟ್ಟಿದ್ದಳು. ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದವಳು, ಎರಡು ಸಾಲು ಓದಿದರೆ ತಲೆ ಸುತ್ತು ಅನ್ನುತ್ತಿದ್ದಳು. ಎರಡೆರಡಾಗಿ ಕಾಣುವುದಕ್ಕೆ ಪ್ರಿಸಂ ಕನ್ನಡಕ ಇದೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಬಹುದು. ಅದುರುವುದಕ್ಕೆ ಕೆಲವರಿಗೆ ಮಾತ್ರೆ ಕೆಲಸ ಮಾಡುತ್ತದೆ. ಆದರೆ ಇವೆಲ್ಲ ಸಿಗಬೇಕಾದರೆ ಮೊದಲು ಯಾರಾದರೂ "ಓದೋಕೆ ಆಗ್ತಿದೆಯಾ?" ಅಂತ ಕೇಳಬೇಕು. ಅವಳನ್ನು ವರ್ಷಗಟ್ಟಲೆ ಯಾರೂ ಕೇಳಿರಲಿಲ್ಲ. ನಡಿಗೆ ಹೇಗಿದೆ, ಕೈ ಮರಗಟ್ಟುತ್ತದಾ, ಅಷ್ಟೇ.

ಕೇಳಲಿಕ್ಕೆ ಪ್ರಶ್ನೆಪಟ್ಟಿಯೇ ಇದೆ. ದೃಷ್ಟಿ ಮತ್ತು ದಿನನಿತ್ಯದ ಬದುಕಿನ ಬಗ್ಗೆ 25 ಪ್ರಶ್ನೆ, ಎಂಎಸ್‌ನಂಥ ಕಾಯಿಲೆ ಇರುವವರಿಗೆ ಇನ್ನೂ 10. ರಾತ್ರಿ ಗಾಡಿ ಓಡಿಸುತ್ತೀರಾ, ಕಣ್ಣಿನ ಕಾರಣಕ್ಕೆ ಮನೆಯಲ್ಲೇ ಉಳಿಯುತ್ತೀರಾ, ಬೇರೆಯವರ ಮೇಲೆ ಅವಲಂಬಿಸಬೇಕಾಗಿದೆಯಾ ಅನ್ನುವ ಥರದವು. ಇದನ್ನು ಪ್ರತಿ ವರ್ಷ ಎಲ್ಲ ಎಂಎಸ್ ರೋಗಿಗಳಿಂದಲೂ ತುಂಬಿಸಬೇಕು ಅಂತ ನನ್ನ ಅನಿಸಿಕೆ. ಕಣ್ಣು ಕೈಕೊಟ್ಟಾಗ ಜನ ಬಿಡುವುದು ಬರೀ ಓದನ್ನಲ್ಲ. ಕೆಲಸ ಬಿಡುತ್ತಾರೆ, ಸಮಾರಂಭಕ್ಕೆ ಹೋಗುವುದು ಬಿಡುತ್ತಾರೆ. ಎದುರು ಬಂದವರಿಗೆ ನಗಲಿಲ್ಲ ಅಂತ ಜಂಭ ಅನ್ನಿಸಿಕೊಳ್ಳುತ್ತಾರೆ.

ಮನೆಯವರಿಗೆ ಒಂದು ಮಾತು. ನನ್ನ ತಂಗಿ ಮೂರು ವರ್ಷ "ನೋಡ್ಕೊಂಡು ನಡಿಯೇ" ಅಂತ ಬೈಯುತ್ತಿದ್ದಳು. ಬೂದು ಅಕ್ಷರದ ಚಾರ್ಟ್ ನಾನು ಓದುವಾಗ ಒಮ್ಮೆ ಪಕ್ಕದಲ್ಲಿ ಕೂತಿದ್ದಳು. ಅವಳಿಗೆ ಸಲೀಸಾಗಿ ಕಂಡ ಅಕ್ಷರಗಳು ನನಗೆ ಖಾಲಿ ಹಾಳೆ. ಮನೆಗೆ ಬಂದವಳೇ ಮಾತಾಡದೆ ಪ್ರತಿ ಮೆಟ್ಟಿಲಿನ ಅಂಚಿಗೂ ಹಳದಿ ಟೇಪ್ ಅಂಟಿಸಿದಳು. ಅವತ್ತಿನಿಂದ ಆ ಮೆಟ್ಟಿಲಲ್ಲಿ ನಾನು ಬಿದ್ದಿಲ್ಲ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಯಾರಾದರೂ ಆ ಕಿಟಕಿಯ ಪರದೆ ಎಳೆದರೆ ಕೈ ಎತ್ತಿದವರು ನನಗೆ ಕಾಣುತ್ತೀರಿ.