ಪ್ರತಿಸ್ಪರ್ಧಿಯ ಕ್ಲೌಡ್‌ನಲ್ಲಿ ನಮ್ಮ ತಂತ್ರಾಂಶ

ಕೇಳುಗರಿಗೆ ನಮಸ್ಕಾರ. ಕೋಲಾರದ ಟೊಮೆಟೊ ಮಾರುಕಟ್ಟೆಯನ್ನು ನಂಬಿ ಈಗ ತಂತ್ರಾಂಶ ಬರೆಯುವ ಯುವಕ ಯುವತಿಯರೂ ಇದ್ದಾರೆ. ಯಾವ ರೈತರ ಎಷ್ಟು ಬಾಕ್ಸ್ ಮಂಡಿಗೆ ಬಂತು, ಹರಾಜಿನಲ್ಲಿ ಯಾವ ದರಕ್ಕೆ ಹೋಯಿತು, ಹಮಾಲಿ ಕೂಲಿ ಕಳೆದು ಕೈಗೆಷ್ಟು ಸಲ್ಲಬೇಕು ಎಂಬ ಲೆಕ್ಕವನ್ನು ಅವರ ತಂತ್ರಾಂಶ ಮೊಬೈಲಿನಲ್ಲೇ ತೋರಿಸುತ್ತದೆ. ಆದರೆ ಆ ಲೆಕ್ಕವೂ ಅದನ್ನು ನಡೆಸುವ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ ಕೂಡ ಇರುವುದು ದೊಡ್ಡ ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಆ ಕಂಪನಿಯ ಕಂಪ್ಯೂಟರುಗಳಲ್ಲಿ. ನಾಳೆ ಅದೇ ಕಂಪನಿ ಕೃಷಿ ವ್ಯಾಪಾರದ ತಂತ್ರಾಂಶವನ್ನು ತಾನೇ ಮಾರುಕಟ್ಟೆಗೆ ತಂದರೆ ಇವರ ಪಾಡೇನು?

ಇಂಥ ಪಾಡು ಹೊಸದಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರು, ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರೆಂದು ದಾಖಲಿಸುವ ಬಿಟ್‌ಕೀಪರ್ ಎಂಬ ಖಾಸಗಿ ಸಾಧನವನ್ನು 2002ರಿಂದ ಉಚಿತವಾಗಿ ಬಳಸುತ್ತಿದ್ದರು. ಹಾಗೆ ಬಳಸುವವರು ಅದಕ್ಕೆ ಪೈಪೋಟಿಯಾಗುವ ಸಾಧನವನ್ನು ತಯಾರಿಸಬಾರದೆಂಬ ಷರತ್ತಿತ್ತು. 2005ರಲ್ಲಿ ವಿವಾದವೆದ್ದು ಮಾಲೀಕರು ಉಚಿತ ಅನುಮತಿಯನ್ನು ಹಿಂತೆಗೆದುಕೊಂಡಾಗ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದೇ ಕೆಲಸಕ್ಕೆ ಗಿಟ್ ಎಂಬ ಮುಕ್ತ ಸಾಧನವನ್ನು ಬರೆದರು. ಗಿಟ್‌ನಲ್ಲಿ ಕೆಲಸದ ಇಡೀ ಇತಿಹಾಸ ಸಾಮಾನ್ಯವಾಗಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಉಳಿಯುತ್ತದೆ. ಆದ್ದರಿಂದಲೇ 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ, ಗಿಟ್ ಬಳಸುವವರ ಕೋಡನ್ನು ಇಟ್ಟುಕೊಡುವ ಗಿಟ್‌ಹಬ್ ತಾಣವನ್ನು ಕೊಂಡಾಗ, ಒಪ್ಪದವರು ತಮ್ಮ ಕೋಡನ್ನು ಅಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ಗೆ ಸಾಗಿಸಿಕೊಳ್ಳಲು ಸಾಧ್ಯವಾಯಿತು. ಆದರೆ ದೋಷಗಳ ಕುರಿತ ಚರ್ಚೆ, ಸ್ವಯಂಚಾಲಿತ ಪರೀಕ್ಷೆಯ ವ್ಯವಸ್ಥೆ ಮೊದಲಾದವು ಗಿಟ್‌ನೊಳಗೆ ತಾವಾಗಿ ಬರುವುದಿಲ್ಲ. ನಮ್ಮನ್ನು ಒಂದೇ ಕಂಪನಿಗೆ ಕಟ್ಟಿಹಾಕುವುದು ಬಹುಮಟ್ಟಿಗೆ ಇಂಥವೇ.

ಪ್ರತಿಸ್ಪರ್ಧಿಯಿಂದ ಬಾಡಿಗೆ ಪಡೆಯುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಅಮೆಜಾನ್‌ಗೆ ಸ್ವಂತ ಪ್ರೈಮ್ ವಿಡಿಯೊ ಇದ್ದರೂ ಅದರ ಪ್ರತಿಸ್ಪರ್ಧಿ ನೆಟ್‌ಫ್ಲಿಕ್ಸ್ ಬಹುಮಟ್ಟಿಗೆ ನಡೆಯುವುದು ಅಮೆಜಾನ್‌ನ ಕ್ಲೌಡ್ ಮೇಲೆಯೇ. ಆದರೆ ಅಷ್ಟು ದೊಡ್ಡ ಗ್ರಾಹಕ ಕುಳಿತು ಚರ್ಚಿಸಿ ಒಪ್ಪಂದ ಬರೆಸಿಕೊಳ್ಳಬಲ್ಲ. ನಮ್ಮ ಹುಡುಗರು ಅಚ್ಚಾದ ಷರತ್ತುಗಳಿಗೆ ಸಮ್ಮತಿಯ ಗುಂಡಿ ಒತ್ತುತ್ತಾರೆ, ಅಷ್ಟೆ.

ಕೋಡನ್ನು ಕದ್ದು ಓದುತ್ತಾರೆಂಬ ಭಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕ್ಲೌಡ್ ಬಾಡಿಗೆಯ ಬಿಲ್. ಯಾವ ತಿಂಗಳು ಬಳಕೆ ಏರಿತು, ಯಾವ ಸೇವೆಗೆ ಬೇಡಿಕೆ ಹೆಚ್ಚಿತು ಎಂಬುದು ಬಾಡಿಗೆ ಕೊಟ್ಟವರಿಗೆ ತಾನಾಗಿ ತಿಳಿಯುತ್ತದೆ. ಅವರೇ ಪ್ರತಿಸ್ಪರ್ಧಿಯೂ ಆದರೆ ಅನುಮಾನ ಹುಟ್ಟದೆ ಇರದು; ಮಂಡಿಯವರೇ ಬೇನಾಮಿಯಾಗಿ ಮಾಲು ಕೊಂಡರೆ ರೈತರಿಗೆ ದರದ ಮೇಲೆ ಅನುಮಾನ ಹುಟ್ಟುವುದು ಸಹಜವಲ್ಲವೇ? ಈ ಕಳವಳ ಆಧಾರವಿಲ್ಲದ್ದಲ್ಲ. ಕ್ಲೌಡ್‌ನ ವಿಷಯದಲ್ಲಿ ಅಲ್ಲದಿದ್ದರೂ, ತನ್ನ ತಾಣದಲ್ಲಿ ಮಾರುವ ವ್ಯಾಪಾರಿಗಳ ಬಹಿರಂಗವಲ್ಲದ ಮಾಹಿತಿಯನ್ನು ಸ್ವಂತ ಚಿಲ್ಲರೆ ವ್ಯಾಪಾರಕ್ಕೆ ಬಳಸುವುದಿಲ್ಲವೆಂದು ಅಮೆಜಾನ್ ಕೊಟ್ಟ ವಾಗ್ದಾನವನ್ನು ಯುರೋಪಿಯನ್ ಆಯೋಗವು 2022ರ ಡಿಸೆಂಬರ್‌ನಲ್ಲಿ ಕಾನೂನಿನ ಪ್ರಕಾರ ಪಾಲಿಸಲೇಬೇಕಾದ ಬದ್ಧತೆಯಾಗಿಸಿತು.

ಹಾಗಾಗಿ ಒಂದೇ ಕಂಪನಿಯಲ್ಲಿ ಸಿಗುವ ವಿಶೇಷ ಡೇಟಾಬೇಸಿಗಿಂತ (ಲೆಕ್ಕ ಕೂಡಿಡುವ ವ್ಯವಸ್ಥೆ) ಯಾವ ಕಂಪನಿಯ ಸರ್ವರ್ ಮೇಲೂ ನಡೆಯಬಲ್ಲ ಪೋಸ್ಟ್‌ಗ್ರೆಸ್‌ನಂಥ ಮುಕ್ತ ಡೇಟಾಬೇಸನ್ನು ಆರಿಸಿಕೊಳ್ಳುವುದು ಲೇಸು. ಡೊಮೈನ್ ಹೆಸರನ್ನು, ಅಂದರೆ ಇಂಟರ್ನೆಟ್ಟಿನ ವಿಳಾಸವನ್ನು, ಬೇರೆ ಕಡೆ, ಸ್ವಂತ ಹೆಸರಿನಲ್ಲಿ ನೋಂದಾಯಿಸಬೇಕು. ಪ್ರತಿ ರಾತ್ರಿಯ ಬ್ಯಾಕಪ್ ಕೋಲಾರದ ಕಚೇರಿಯ ಕಂಪ್ಯೂಟರಿಗೂ ಇಳಿಯಬೇಕು. ಆಷಾಢ ಶ್ರಾವಣದಲ್ಲಿ ಮಾರುಕಟ್ಟೆ ತುಂಬಿ ತುಳುಕುವ ಮೊದಲೇ ಒಂದು ಬಿಡುವಿನ ದಿನ ಆ ಬ್ಯಾಕಪ್‌ನಿಂದ ಇಡೀ ತಂತ್ರಾಂಶವನ್ನು ಬೇರೊಂದು ಕಂಪನಿಯ ಸರ್ವರ್ ಮೇಲೆ ನಿಲ್ಲಿಸಿ, ಒಬ್ಬ ರೈತರ ಹಿಂದಿನ ದಿನದ ಪಟ್ಟಿಯನ್ನು ತೆಗೆದು, ಮಂಡಿಯ ಲೆಕ್ಕದ ಪುಸ್ತಕದೊಂದಿಗೆ ಬಾಕ್ಸ್, ದರ, ಕೂಲಿ ಮೂರನ್ನೂ ತಾಳೆ ನೋಡಬೇಕು.